ಅರಿಶಿನದ ಮೇಲೆ ಮೂರು ಚುಕ್ಕೆ

"ವಾದ್ಯ ಮುಟ್ಟಲ್ಲಮ್ಮಾ. ಬೇಕಾದ್ರೆ ಬಾಯಲ್ಲಿ ಹಾಡ್ತೀನಿ" ಎಂದರು ದುರ್ಗಾಪ್ರಸಾದ್.

ಅವರ ತಲೆಯ ಮೇಲೆ, ಗೋಡೆಯ ಮೊಳೆಗೆ, ಕೆಂಪು ಬಟ್ಟೆಯ ಚೀಲದಲ್ಲಿ ಸನ್ನಾಯಿ, ಇಲ್ಲಿಯವರ ನಾಗಸ್ವರ, ತೂಗುತ್ತಿತ್ತು. ಎಪ್ಪತ್ತಾರು ವರ್ಷದ ಆ ಮನುಷ್ಯ ಬೆಳಗಿನ ಕಾಫಿಗೂ ಮೊದಲು ಅರ್ಧ ಗಂಟೆ ಊದುವವರು. ಹನ್ನೆರಡು ದಿನದಿಂದ ಚೀಲದ ಗಂಟು ಬಿಚ್ಚಿಲ್ಲ.

ತಡವಾಗಿ ಓದಲು ಕೂತವರಿಗೆ ಇಷ್ಟು ಸಾಕು. ವಿಜಯವಾಡದ ಈ ಮನೆತನ ಐದು ತಲೆಮಾರಿನಿಂದ ಮದುವೆಗಳಲ್ಲಿ ನುಡಿಸುತ್ತಿರುವ 'ದೊರ ನಡಕ' (ಬಿಳಿಯ ದೊರೆಯ ನಡಿಗೆ) ಎಂಬ ಮಟ್ಟು ಐರ್ಲೆಂಡಿನ 'ಬ್ರಿಜಿಡಳ ದೋಣಿ' ಎಂಬ ಜಾನಪದ ಮಟ್ಟೇ ಎಂದು ಗೌರವ್ ಎಂಬ ಸಂಶೋಧಕ ಕಂಡುಹಿಡಿದಿದ್ದ. ಭೀಮುನಿಪಟ್ಟಣದಲ್ಲಿ ಬೀಡುಬಿಟ್ಟಿದ್ದ ಹ್ಯಾನ್ಲನ್ ಎಂಬ ಐರಿಷ್ ಸಿಪಾಯಿ ಬ್ಯಾಗ್‌ಪೈಪಿನಲ್ಲಿ ನುಡಿಸಿದ್ದನ್ನು ತಮ್ಮ ಮುತ್ತಜ್ಜನ ಅಪ್ಪ ಕೇಳಿ ಕಲಿತರು ಎನ್ನುವುದು ದುರ್ಗಾಪ್ರಸಾದರ ಮಾತು. ಎರಡು ತಿಂಗಳು ಅದನ್ನು ಊರೆಲ್ಲ ಹೊಗಳಿಕೊಂಡು ತಿರುಗಿದ ಗೌರವ್, ಈ ಮನೆಯ ಹಳೆಯ ಸ್ವರಪುಸ್ತಕ ಕೈಗೆ ಬಂದ ಮೇಲೆ ಉಲ್ಟಾ ಹೊಡೆದ. ಇದು ಅಚ್ಚಾದ ಪುಸ್ತಕದ ನಕಲು, ಸಿಪಾಯಿ ಬರೀ ಕಟ್ಟುಕಥೆ ಎಂದು ಅವನು ಬರೆದ ಪತ್ರ ಪತ್ರಿಕೆಯಲ್ಲೂ ಬಂತು.

ಇವತ್ತು ಗುರುವಾರ. ಭಾನುವಾರ ದುರ್ಗಾಪ್ರಸಾದರ ಮೊಮ್ಮಗಳು ಮಾನಸಳ ಮದುವೆ.

"ಸುಳ್ಳುಗಾರ ಅನ್ನಿಸ್ಕೊಂಡ ಬಾಯಲ್ಲಿ ಮೊಮ್ಮಗಳ ಮದುವೇಗೆ ಹೇಗಮ್ಮಾ ಊದ್ಲಿ? ಬೇರೆ ಮೇಳದೋರಿಗೆ ಹೇಳಿದೀನಿ. ಆದ್ರೆ ಅವರಿಗೆ ದೊರ ನಡಕ ಬರಲ್ಲ ಕದಾ. ನಮ್ಮ ಮನೆ ಹುಡುಗಿ ಆ ಪಾಟ ಇಲ್ದೆ ಮಂಟಪಕ್ಕೆ ಬರೋದು ಇದೇ ಮೊದಲು."

ಮಾತು ಮುಗಿಸಿ ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಬೆವರಿಗೆ ಮಾತ್ರ ಒರೆಸಿಕೊಂಡದ್ದಲ್ಲ ಎಂದು ನನಗೂ ಗೊತ್ತಾಯಿತು.

ನಾನು ನಟರಾಜ, ಮೈಸೂರಿನವನು. ದುವ್ವಾಡದ ಔಷಧ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ. ನನ್ನ ಎರಡನೇ ಉದ್ಯೋಗ, ಸಂಬಳವಿಲ್ಲದ್ದು, ಹೆಂಡತಿಯ ಕೈಚೀಲ ಹೊರುವುದು. ಧಾರವಾಡದ ಕಮಲಾಕ್ಷಿ ವಿಶಾಖಪಟ್ಟಣದಲ್ಲಿ ಬ್ಯಾಂಕ್ ಅಧಿಕಾರಿ. ಇಪ್ಪತ್ತೇಳು ವರ್ಷ ಚೆಕ್ಕುಗಳ ಮೇಲಿನ ಸಹಿ ನೋಡಿ ನೋಡಿ, ಯಾರ ಕೈ ಎಲ್ಲಿ ನಡುಗಿತು ಎಂದು ಹೇಳುವಷ್ಟು ಪಳಗಿದ್ದಾಳೆ. ದುರ್ಗಾಪ್ರಸಾದರ ಹೆಂಡತಿ ಅನಸೂಯಾ ಅದೇ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಬಳ್ಳಾರಿಯವರಾದ್ದರಿಂದ ಈ ಮನೆಯಲ್ಲಿ ಕನ್ನಡವೂ ನಡೆಯುತ್ತದೆ. ನಮ್ಮನ್ನು ಮದುವೆಗೆ ಕರೆದದ್ದೂ ಅವರೇ, ಈ ತಕರಾರಿಗೆ ಕರೆದದ್ದೂ ಅವರೇ.

"ಹಾಡ್ರಿ ಗುರುಗಳ. ನಾ ಕೇಳ್ತೀನಿ" ಎಂದಳು ಕಮಲಾ.

ದುರ್ಗಾಪ್ರಸಾದ್ ಕಣ್ಣು ಮುಚ್ಚಿದರು. ಬೆರಳು ತೊಡೆಯ ಮೇಲೆ ತಕಿಟ ತಕಿಟ ಎಂದು ತಟ್ಟತೊಡಗಿತು.

ಎಂಥ ಮಟ್ಟು ಅದು. ಮೊದಲ ಸಾಲಿನಲ್ಲೇ ಕಾಲು ತಾನಾಗಿ ಅಲುಗುತ್ತದೆ. ಎರಡನೆಯದರಲ್ಲಿ ಸ್ವಲ್ಪ ಬೇಸರ, ಆದರೆ ನಡಿಗೆ ನಿಲ್ಲುವುದಿಲ್ಲ. ಮೂರನೆಯ ಸಾಲು ಷಡ್ಜಕ್ಕೆ ಇಳಿದು, ಅಲ್ಲಿಂದ ಥಟ್ಟನೆ ಪಂಚಮಕ್ಕೆ ಹಾರುತ್ತದೆ, ಮೂರು ಸಲ. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಕೊನೆಯ ಸ್ವರವೇ ಮೊದಲನೆಯದಕ್ಕೆ ಕೈ ಕೊಟ್ಟು ಮತ್ತೆ ಸುತ್ತಿಗೆ ಹೊರಡುತ್ತದೆ. ಸಂಗೀತದಲ್ಲಿ ನನ್ನ ಜ್ಞಾನ ಸೊನ್ನೆ. ಆದರೂ ಅವರು ನಿಲ್ಲಿಸಿದಾಗ ಇನ್ನೊಂದು ಸುತ್ತು ಇರಬಾರದಿತ್ತೇ ಅನ್ನಿಸಿತು.

"ಆ ಮೂರನೇ ಸಾಲು ಇನ್ನೊಮ್ಮೆ ಹಾಡ್ರಿ" ಎಂದಳು ಕಮಲಾ.

ಹಾಡಿದರು.

"ಸಾ ಆದಮ್ಯಾಲೆ ಮ್ಯಾಲಕ್ಕ ಹಾರ್ತೀರಲ್ಲ. ಯಾಕ್ರಿ? ನಿಮ್ಮ ಸನ್ನಾಯಿಗೆ ಸಾ ಕೆಳಗ ಇಳೀಲಿಕ್ಕೆ ಬರೂದಿಲ್ಲೇನು?"

ಮುದುಕರಿಗೆ ಸಿಟ್ಟು ಬಂತು. "ಬರಲ್ಲ ಅಂದ್ರೆ? ಕೆಳಗಿನ ಪಂಚಮದ ತನಕ ಇಳೀತೈತೆ. ತೋಡಿ ರಾಗ ಊದೋವಾಗ ಬಂದು ಕೇಳು."

"ಮತ್ತ ಇಲ್ಲ್ಯಾಕ ಇಳಿಸೂದಿಲ್ಲ?"

"ನಮ್ಮ ತಾತ ಹಾಗೇ ಹೇಳಿಕೊಟ್ರು. ಅವರ ತಾತ ಅವರಿಗೆ ಹಾಗೇ ಹೇಳಿಕೊಟ್ರು. ಬದಲಾಯ್ಸೋಕೆ ನಾನ್ಯಾರು?" ಅವರು ಸ್ವಲ್ಪ ತಣ್ಣಗಾದರು. "ಅಲ್ದೆ ಅಲ್ಲೇ ಬುಟ್ಟಿ ಏಳ್ಬೇಕಮ್ಮಾ."

ಇಲ್ಲಿಯ ಮದುವೆಗಳಲ್ಲಿ ವಧು ನಡೆದು ಬರುವುದಿಲ್ಲ. ಬಿದಿರಿನ ದೊಡ್ಡ ಬುಟ್ಟಿಯಲ್ಲಿ ಕೂರಿಸಿ ಸೋದರಮಾವಂದಿರು ಹೊತ್ತು ತರುತ್ತಾರೆ. ಈ ಮನೆತನ ನುಡಿಸುವ ಮದುವೆಯಲ್ಲಿ ಬುಟ್ಟಿ ದೊರ ನಡಕದ ತಾಳಕ್ಕೆ ಹೆಜ್ಜೆ ಹಾಕುತ್ತದಂತೆ. ಮಂಟಪದ ಮೆಟ್ಟಿಲ ಹತ್ತಿರ ಬಂದಾಗ ಸರಿಯಾಗಿ ಮೂರನೆಯ ಸಾಲು. ಸ್ವರ ಮೇಲೆ ಹಾರಿದಾಗ ಮಾವಂದಿರು ಬುಟ್ಟಿಯನ್ನು ಮೇಲೆತ್ತಬೇಕು. ಮೂರು ಸಲ ಹಾರು, ಮೂರು ಸಲ ಎತ್ತು, ವಧು ಮಂಟಪದಲ್ಲಿ.

"ಇವಳಿಗೆ ಬುಟ್ಟೀನೇ ಬೇಡ್ವಂತೆ. ನಡ್ಕೊಂಡೇ ಬರ್ತೀನಿ ಅಂತ ಒಂದೇ ಹಠ" ಎಂದು ಅನಸೂಯಾ ಮೂಲೆಯತ್ತ ಕೈ ತೋರಿಸಿ ನಕ್ಕರು.

ಮೂಲೆಯಲ್ಲಿ ಮಾನಸ ನೆಲದ ಮೇಲೆ ಕೂತು ಕಡೆಯ ಲಗ್ನಪತ್ರಿಕೆಗಳ ಮೇಲೆ ಹೆಸರು ಬರೆಯುತ್ತಿದ್ದಳು. ಇಪ್ಪತ್ತಾರರ ಹುಡುಗಿ, ಸಂಗೀತ ಕಾಲೇಜಿನಲ್ಲಿ ಪಿಟೀಲು ಕಲಿತವಳು. ಅಜ್ಜಿಯ ಮಾತಿಗೆ ಅವಳು ನಗಲಿಲ್ಲ. ತಾತ ಬುಟ್ಟಿಯ ವಿಷಯ ಎತ್ತಿದಾಗಲೇ ಅವಳ ಪೆನ್ನು ನಿಂತಿತ್ತು, ಈಗ ಮತ್ತೆ ಬರೆಯಲು ಶುರು ಮಾಡಿತು. ಮದುಮಗಳ ನಾಚಿಕೆ ಎಂದುಕೊಂಡೆ. ನನ್ನ ಪತ್ತೇದಾರಿ ಬುದ್ಧಿ ಅಷ್ಟರಲ್ಲೇ ಇದೆ.

"ಗೌರವ್ ಪತ್ರದಾಗ ಏನ್ ಬರದಾನ ಗೊತ್ತದನು ನಿಮಗ?" ಕಮಲಾ ದುರ್ಗಾಪ್ರಸಾದರನ್ನು ಕೇಳಿದಳು. "ನಿಮ್ಮ ಪುಸ್ತಕದಾಗ ಆ ಮೂರೂ ಪಂಚಮ ಕೆಳಗಿನ ಸ್ಥಾಯಿ ಒಳಗ ಅವ ಅಂತ. ಅಚ್ಚಿನ ಪುಸ್ತಕದಾಗೂ ಹಂಗೇ ಅದ, ಅದಕ್ಕ ನೀವು ಕದ್ದದ್ದು ಅಂತ. ನೀವು ಪುಸ್ತಕ ತಗದು ನೋಡ್ಲಿಲ್ಲೇನು?"

"ನೋಡೋದಾ?" ಅವರು ನಿಜವಾಗಿಯೂ ಗಲಿಬಿಲಿಗೊಂಡರು. "ಅದು ಪೂಜೆಗಿರೋದಮ್ಮಾ. ಓದೋಕಲ್ಲ."

ಆಮೇಲೆ ಒಂದೊಂದಾಗಿ ಹೊರಬಂತು. ದುರ್ಗಾಪ್ರಸಾದರ ತಾತ ಬರೆದ ಆ ಪುಸ್ತಕವನ್ನು ದಸರಾದಲ್ಲಿ ಮೂಲಾ ನಕ್ಷತ್ರದ ದಿನ ಅಮ್ಮನವರ ಮುಂದೆ ದೊರ ನಡಕದ ಪುಟ ತೆರೆದು ಇಡುತ್ತಾರೆ. ಹಸಿ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ನಮಸ್ಕಾರ ಮಾಡಿ, ಮುಚ್ಚಿ ಬೀರುವಿಗೆ ಸೇರಿಸುತ್ತಾರೆ. ವರ್ಷಕ್ಕೊಮ್ಮೆ, ಅಷ್ಟೇ. ಇವರದು ಕಿವಿಯಿಂದ ಕಿವಿಗೆ ಬಂದ ವಿದ್ಯೆ. ದುರ್ಗಾಪ್ರಸಾದರಿಗೆ ಸ್ವರಲಿಪಿ ಓದಲು ಬರುವುದೇ ಇಲ್ಲ.

ಕಣ್ಣಿಗೊತ್ತಿಕೊಳ್ಳುವ ಪುಸ್ತಕದಲ್ಲಿ ಏನಿದೆ ಎಂದು ಐವತ್ತು ವರ್ಷದಿಂದ ನೋಡಿಲ್ಲ. ತಮ್ಮ ಮೇಲಿನ ಆರೋಪ ಏನೆಂದೂ ಪಾಪ ಅವರಿಗೆ ತಿಳಿದಿರಲಿಲ್ಲ.

ನಾವು ಹೊರಡುವಾಗ ಮಾನಸ ಬಾಗಿಲಿಗೆ ಬಂದು ಲಗ್ನಪತ್ರಿಕೆಯ ಲಕೋಟೆ ಕೈಗಿಟ್ಟಳು. "ತಪ್ಪದೆ ರಾವಾಲಿ ಆಂಟಿ, ಬರಲೇಬೇಕು" ಎಂದಳು. ಕಮಲಾ ಅದನ್ನು ಕೈಚೀಲಕ್ಕೆ ತುರುಕಿ ಚೀಲ ನನಗೆ ಕೊಟ್ಟಳು.

*

ವಿಶಾಖಪಟ್ಟಣಕ್ಕೆ ವಾಪಸಾಗುವ ರೈಲು ರಾಜಮಂಡ್ರಿ ದಾಟಿತು. ನಾನು ಮೊಬೈಲಿನಲ್ಲಿ ಐರಿಷ್ ಪೈಪಿನ ವೀಡಿಯೊ ಹುಡುಕಿ ಇಯರ್‌ಫೋನಿನ ಒಂದು ತುದಿ ಕಮಲಾಳ ಕಿವಿಗಿಟ್ಟೆ.

ಈ ಪೈಪಿಗೆ ಬಾಯಿಂದ ಗಾಳಿ ಊದುವುದಿಲ್ಲ. ಮೊಳಕೈ ಕೆಳಗೆ ಪುಟ್ಟ ತಿದಿ, ಇನ್ನೊಂದು ಮೊಳಕೈ ಕೆಳಗೆ ಚರ್ಮದ ಚೀಲ, ತೊಡೆಯ ಮೇಲೆ ರಂಧ್ರಗಳ ಕೊಳವೆ. ನುಡಿಸುವವನ ಮುಖ ಪೂರ್ತಿ ಬಿಡುವಾಗಿ ಇರುತ್ತದೆ. ಬೇಕಿದ್ದರೆ ಪಕ್ಕದವರ ಜೊತೆ ಹರಟೆ ಹೊಡೆಯಬಹುದು.

"ನನಗೆ ಇದೇ ಸರಿ ಕಣೇ. ಕೈ ಕೆಲಸ ಮಾಡ್ತಾ ಇರುತ್ತೆ, ಬಾಯಿ ಫ್ರೀ" ಎಂದೆ.

"ಬಾಯಿ ಸುಮ್ಮನ ಇಟ್ಟು ನೋಡ್ರಿಲ್ಲೆ. ಈ ಮನಷ್ಯಾ ಎಲ್ಲಾ ರಂಧ್ರ ಮುಚ್ಯಾನ. ಯಾವ ಸ್ವರ ಬಂತು?"

"ನನಗೇನು ಗೊತ್ತು?"

"ಸಾ. ಹಿಂದ ಒಂದೇ ಸಮ ಗುಂಯ್ ಅನ್ನಾಕತ್ತದಲ್ಲ, ಶ್ರುತಿ, ಅದೇ ಸಾ." ಅವಳು ವೀಡಿಯೊ ಹಿಂದಕ್ಕೆ ಎಳೆದು ಮತ್ತೆ ಕೇಳಿದಳು. "ಎಲ್ಲಾ ಮುಚ್ಚಿದ್ರ ಸಾ. ಇನ್ನ ಮುಚ್ಚಲಿಕ್ಕೆ ಏನೂ ಉಳಿದಿಲ್ಲ."

ಅವಳ ಕಣ್ಣು ಹೊಳೆಯಿತು. ಆ ಹೊಳಪು ನನಗೆ ಚೆನ್ನಾಗಿ ಗೊತ್ತು. ಅದು ಬಂದ ಮೇಲೆ ಊಟದ ಸುದ್ದಿ ಎತ್ತುವಂತಿಲ್ಲ. ತುನಿ ಸ್ಟೇಷನ್ನಿನಲ್ಲಿ ಇಡ್ಲಿ ಪೊಟ್ಟಣ ಕೊಂಡು ನಾನೊಬ್ಬನೇ ತಿಂದೆ.

*

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ನಾವು ಭೀಮುನಿಪಟ್ಟಣದಲ್ಲಿ ಗೌರವ್ ಮನೆಯ ಮೆಟ್ಟಿಲು ಹತ್ತುತ್ತಿದ್ದೆವು. ಮಹಡಿಯ ಮೇಲಿನ ಬಾಡಿಗೆ ಮನೆ. ಕಿಟಕಿಯಿಂದ ಮೀನುಗಾರರ ದೋಣಿಗಳು, ಅದರಾಚೆ ಸಮುದ್ರ.

ಗೌರವ್‌ಗೆ ಮೂವತ್ತನಾಲ್ಕು. ಬೆಂಗಳೂರಿನವನು. ಪಿಟೀಲು ನುಡಿಸುತ್ತಾನೆ, ಐರ್ಲೆಂಡಿನಲ್ಲಿ ನಾಲ್ಕು ವರ್ಷ ಓದಿದ್ದಾನೆ. ನಾನು ಅವನನ್ನು ಖದೀಮ ಎಂದೇ ತೀರ್ಮಾನಿಸಿಕೊಂಡು ಹೋಗಿದ್ದೆ. ಅವನು ಬಾಗಿಲು ತೆಗೆದು, ಕುರ್ಚಿಯ ಮೇಲಿನ ಪುಸ್ತಕಗಳನ್ನು ಎತ್ತಿಟ್ಟು, ತಾನೇ ಕಾಫಿ ಮಾಡಿ ತಂದ. ಕಾಫಿ ಚೆನ್ನಾಗಿತ್ತು. ಹಾಗಾಗಿ ತೀರ್ಮಾನವನ್ನು ಸ್ವಲ್ಪ ಮುಂದಕ್ಕೆ ಹಾಕಿದೆ.

"ಮೇಡಂ, ಆ ಪತ್ರ ಬರೆಯೋಕೆ ನನಗೇನು ಖುಷಿ ಇರ್ಲಿಲ್ಲ" ಎಂದ. "ಆ ಮಟ್ಟಿಗೋಸ್ಕರ ನಾನು ಹನ್ನೊಂದು ವರ್ಷ ಅಲೆದಿದೀನಿ. ಆದ್ರೆ ಎವಿಡೆನ್ಸ್ ಹೇಗಿದೆಯೋ ಹಾಗೆ ಹೇಳ್ಬೇಕಲ್ವಾ?"

"ಹೇಳ್ಬೇಕು. ಮೊದಲ ಅಚ್ಚಿನ ಪುಸ್ತಕದಾಗಿದ್ದಂಗ ನುಡಸ್ರಿ, ಕೇಳೋಣ."

ಅವನು ಪಿಟೀಲು ತೆಗೆದು ಬ್ರಿಜಿಡಳ ದೋಣಿ ನುಡಿಸಿದ. ಅದೇ ನಡಿಗೆ, ಅದೇ ಬೇಸರ. ಮೂರನೆಯ ಸಾಲಿನಲ್ಲಿ ಮಾತ್ರ ಸ್ವರ ಷಡ್ಜದಿಂದ ಕೆಳಗಿನ ತಂತಿಗೆ ಇಳಿಯಿತು, ಮೂರು ಸಲ. ಅದೂ ಚೆಂದವಿತ್ತು, ಸುಳ್ಳು ಹೇಳಬಾರದು.

"ಇದು ಫಿಡ್ಲ್, ಅಂದ್ರೆ ಪಿಟೀಲು, ನುಡಿಸೋರ ಪಾಠ" ಎಂದ ಗೌರವ್. "ಅಚ್ಚಾಗಿದ್ದು ಐರ್ಲೆಂಡಿನ ಮಹಾಕ್ಷಾಮ ಆದ ಹತ್ತು ವರ್ಷಕ್ಕೆ. ಅಷ್ಟರಲ್ಲಿ ಆ ಸೀಮೆಯ ಪೈಪ್ ವಾದಕರೆಲ್ಲ ಹಸಿವಿನಲ್ಲಿ ಸತ್ತಿದ್ರು, ಇಲ್ಲ ಹಡಗು ಹತ್ತಿದ್ರು. ಪೈಪಿನ ಪಾಠ ಎಲ್ಲೂ ಉಳಿದಿಲ್ಲ. ಅದು ಸಿಗುತ್ತೆ ಅಂತಾನೇ ನಾನು ಇಲ್ಲಿಗೆ ಬಂದಿದ್ದು."

"ಪೈಪಿನಾಗ ಈ ಮೂರನೇ ಸಾಲು ಹೆಂಗ ನುಡಸ್ತಾರ?"

"ಅದೇ ಹೇಳಿದ್ನಲ್ಲ ಮೇಡಂ, ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರ, ನುಡಸ್ಲಿಕ್ಕಾದ್ರೂ ಬರ್ತದನು? ಪೈಪಿನ ಎಲ್ಲಾ ರಂಧ್ರ ಮುಚ್ಚಿದ್ರ ಸಾ. ಅದರ ಕೆಳಗಿನ ಪಂಚಮ ಎಲ್ಲಿಂದ ತರ್ತಾರ?"

ಗೌರವ್ ಕಮಾನು ಹಿಡಿದ ಕೈಯನ್ನು ನಿಧಾನವಾಗಿ ಇಳಿಸಿದ.

"ಇಲ್ಲ. ಕೆಳಗೆ ಸ್ವರವೇ ಇಲ್ಲ" ಎಂದ. "ಪೈಪಿನೋರು ಅಂಥ ಕಡೆ ಸ್ವರಾನ ಒಂದು ಸ್ಥಾಯಿ ಮೇಲಕ್ಕೆ ಮಡಿಸ್ತಾರೆ."

"ದುರ್ಗಾಪ್ರಸಾದ್ ಎಲ್ಲಿ ಹಾರ್ತಾರ?"

"ಅಲ್ಲೇ. ಆದ್ರೆ ಅದು ಅವರ ಮನೋಧರ್ಮ ಅಂದ್ಕೊಂಡೆ ಮೇಡಂ. ಸನ್ನಾಯಿ ಕೆಳಗೆ ಇಳಿಯಲ್ಲ, ಅದಕ್ಕೆ ಹಾರಿಸ್ತಾರೆ ಅಂತ."

"ಸನ್ನಾಯಿ ಕೆಳಗಿನ ಪಂಚಮದ ತನಕಾ ಇಳೀತದ. ಅವರಿಗೆ ಇಳಿಸ್ಲಿಕ್ಕೆ ಏನೂ ತೊಂದ್ರಿ ಇಲ್ಲ. ಆದ್ರೂ ಐದು ತಲೆಮಾರು ಹಾರಿಸ್ಕೋತ ಬಂದಾರ. ಯಾಕಂದ್ರ ಕಲಿಸಿದವನ ಕೊಳವ್ಯಾಗ ಆ ಸ್ವರ ಇರಲಿಲ್ಲ. ಅಂವ ಹಾರಿಸ್ದ, ಇವರು ಹಾರಿಸಿದ್ರು. ಆ ಸ್ವರಕ್ಕ ವಧುವಿನ ಬುಟ್ಟಿ ಎತ್ತೂ ಪದ್ಧತಿ ಮಾಡ್ಕೊಂಡಾರ, ಅದಕ್ಕ ಯಾರೂ ಬದಲಾಯಿಸ್ಲಿಲ್ಲ. ಬದಲಾಯಿಸಿದ್ರ ಬುಟ್ಟಿ ಮ್ಯಾಲ ಏಳೂದಿಲ್ಲಲ್ಲ."

ಗೌರವ್ ಕುರ್ಚಿಯಲ್ಲಿ ಕುಸಿದ.

"ಮೇಡಂ, ಐರ್ಲೆಂಡಲ್ಲಿ ಒಬ್ಬ ಮುದುಕ ಫಿಡ್ಲ್ ವಾದಕ ಹೇಳಿದ ಒಂದು ಮಾತನ್ನ ಯಾರೋ ಬರೆದಿಟ್ಟಿದಾರೆ. 'ನಾವು ದೋಣೀನ ನೀರಿಗೆ ಇಳಿಸ್ತೀವಿ, ಪೈಪಿನವರು ಎತ್ತುತ್ತಿದ್ದರು' ಅಂತ. ಅದರ ಅರ್ಥ ಯಾರಿಗೂ ಆಗಿರ್ಲಿಲ್ಲ." ಅವನು ಪಿಟೀಲನ್ನು ಮಡಿಲಿಗೆ ಇಟ್ಟುಕೊಂಡ. "ಎತ್ತುತ್ತಿದ್ದದ್ದು ಈ ಸ್ವರಾನ."

ಅಷ್ಟು ದೂರದ ದ್ವೀಪದಲ್ಲಿ ಹಸಿವಿಗೆ ಸಿಕ್ಕಿ ಒಂದು ಸ್ವರ ಸತ್ತುಹೋಯಿತು. ಅದಕ್ಕೂ ಮೊದಲೇ ಒಬ್ಬ ಸಿಪಾಯಿ ಅದನ್ನು ಚೀಲದಲ್ಲಿ ಹಾಕಿಕೊಂಡು ಇಲ್ಲಿಯ ಬಿಸಿಲಿಗೆ ಬಂದಿದ್ದ. ಅವನಿಗೆ ಯಾರೂ ಇರಲಿಲ್ಲವೇನೋ, ಒಬ್ಬ ಸನ್ನಾಯಿಯವನಿಗೆ ಕೇಳಿಸಿದ. ಆ ಸನ್ನಾಯಿಯವನು ಅದನ್ನು ಗೌರವದಿಂದ ಇಟ್ಟುಕೊಂಡ, ತನ್ನ ಮನೆಯ ಹೆಣ್ಣುಮಕ್ಕಳ ಬುಟ್ಟಿಗೆ ಕೊಟ್ಟ. ಇಂಥವರ ವಂಶದವರನ್ನು ಸುಳ್ಳುಗಾರ ಎಂದದ್ದಕ್ಕೆ ನನಗೂ ಸಂಕಟವಾಯಿತು.

ಆದರೆ ಗೌರವ್ ಸೋತು ಸುಮ್ಮನಾಗುವವನಲ್ಲ. ಎದ್ದು ಹೋಗಿ ಹತ್ತಿಬಟ್ಟೆಯಲ್ಲಿ ಸುತ್ತಿದ ಸ್ವರಪುಸ್ತಕ ತಂದ.

"ಎಲ್ಲಾ ಒಪ್ತೀನಿ. ಹಾಗಿದ್ರೆ ಇದೇನು ಮೇಡಂ? ಅವರ ತಾತನೇ ಬರೆದದ್ದು. ನೋಡಿ, ಮೂರೂ ಪಂಚಮದ ಕೆಳಗೆ ಚುಕ್ಕೆ ಇದೆ."

ಸ್ವರಲಿಪಿಯಲ್ಲಿ ಅಕ್ಷರದ ಕೆಳಗೆ ಚುಕ್ಕೆ ಇಟ್ಟರೆ ಕೆಳಗಿನ ಸ್ಥಾಯಿ, ಮೇಲೆ ಇಟ್ಟರೆ ಮೇಲಿನದು, ಏನೂ ಇಲ್ಲದಿದ್ದರೆ ನಡುವಿನದು. ಕಮಲಾ ಪುಟವನ್ನು ಮುಟ್ಟದೆ ಬಾಗಿ ನೋಡಿದಳು. ನೂರು ವರ್ಷ ದಾಟಿದ ಕಾಗದ. ತೆಲುಗು ಅಕ್ಷರ ದುಂಡಗೆ, ಸಾಲು ನೇರ. ಪುಟದ ತುಂಬ ಅರಿಶಿನದ ಹಳದಿ.

"ಇಡೀ ಪುಟದಾಗ ಚುಕ್ಕಿ ಇರೂದು ಇವು ಮೂರೇ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ರೀ, ನಿಮ್ಮ ಕಾರ್ಖಾನಿ ಲೆನ್ಸ್ ಕೊಡ್ರಿ. ಇಲ್ಲ, ನೀವೇ ನೋಡ್ರಿ. ಕಲಿ ನೋಡೂದು ನಿಮ್ಮ ಕೆಲಸಲ್ಲೇನು?"

ಮಾತ್ರೆಗಳ ಮೇಲಿನ ಕಲೆ ಹುಡುಕುವ ನನ್ನ ಲೆನ್ಸಿಗೆ ಕೊನೆಗೂ ಕಾಲ ಬಂದಿತ್ತು. ಬಾಗಿದೆ.

ಹಳೆಯ ಶಾಯಿ ನೀರಿಗೆ ಕರಗುವಂಥದ್ದು. ಪ್ರತಿ ದಸರಾಕ್ಕೆ ಹಸಿ ಅರಿಶಿನ ಬಿದ್ದ ಕಡೆಯೆಲ್ಲ ಅಕ್ಷರದ ಅಂಚು ಕದಡಿ, ಹಳದಿಯ ಒಳಗೆ ಹರಡಿಕೊಂಡಿತ್ತು. ಸಾಲಿನ ಪ್ರತಿ ಅಕ್ಷರವೂ ಹಾಗೇ ಇತ್ತು. ಮೂರು ಚುಕ್ಕೆಗಳ ಅಂಚು ಮಾತ್ರ ಚೂಪಾಗಿತ್ತು. ಅವು ಅರಿಶಿನದ ಅಡಿಯಲ್ಲಿರಲಿಲ್ಲ, ಅರಿಶಿನದ ಮೇಲೆ ಕೂತಿದ್ದವು.

"ಇವು ಅರಿಶಿನ ಹಚ್ಚಿದ ಮೇಲೆ ಇಟ್ಟದ್ದು" ಎಂದೆ. "ಕಡೇ ಸಲ ಹಚ್ಚಿದ್ದು ಹೋದ ದಸರಾದಲ್ಲಿ. ಅದಕ್ಕೂ ಮೊದಲೇ ಇದ್ದಿದ್ರೆ ಸ್ವಲ್ಪನಾದ್ರೂ ಕದಡಿರೋದು. ಒಂದು ಹನಿ ನೀರೂ ಕಂಡಿಲ್ಲ ಇವು."

"ಇನ್ನೇನರೆ ಕಾಣ್ತದನು?"

"ಚುಕ್ಕೆ ಅಲ್ಲ ಕಣೇ ಇದು. ಮೊದಲು ಸಣ್ಣ ಸೊನ್ನೆ ಬರೆದಿದಾರೆ. ಆಮೇಲೆ ಒಳಗೆ ಶಾಯಿ ತುಂಬಿದಾರೆ. ಮೂರೂ ಹಾಗೇ ಇದೆ."

ಕಮಲಾ ನೆಟ್ಟಗೆ ಕೂತಳು. "ಕೈ ತನ್ನ ರೂಢಿ ಪ್ರಕಾರ ಸೊನ್ನಿ ಬರದದ. ತಲಿಗೆ ಆಮ್ಯಾಲೆ ನೆನಪಾಗ್ಯದ, ತಾತಂದು ಚುಕ್ಕಿ ಆಗ್ಬೇಕಲ್ಲಾ ಅಂತ. ಖೊಟ್ಟಿ ಸಹಿ ಮಾಡೋರು ಅಕ್ಷರ ಛಲೋ ಕಲೀತಾರ. ಚುಕ್ಕಿ ಯಾರೂ ಕಲಿಯೂದಿಲ್ಲ."

ಗೌರವ್ ಮುಖ ಬಿಳಿಚಿತ್ತು. ನಾವು ಕೇಳುವ ಮೊದಲೇ ಲ್ಯಾಪ್‌ಟಾಪ್ ತೆರೆದು ನಮ್ಮ ಮುಂದಿಟ್ಟ. ಪುಸ್ತಕ ಕೈಗೆ ಬಂದ ದಿನ, ಬಂದ ಗಂಟೆಯಲ್ಲೇ, ದುರ್ಗಾಪ್ರಸಾದರ ಮನೆಯ ಮೇಜಿನ ಮೇಲೇ ಅವನು ತೆಗೆದ ಚಿತ್ರಗಳು. ಮೇಜಿನಂಚಿಗೆ ದುರ್ಗಾಪ್ರಸಾದರ ಬೆರಳುಗಳೂ ಕಾಣುತ್ತಿದ್ದವು. ಮೂರು ಚುಕ್ಕೆ ಆಗಲೇ ಇದ್ದವು.

"ನಾನಲ್ಲ ಮೇಡಂ."

"ಗೊತ್ತದ ತಮ್ಮಾ. ಪೈಪಿನ ಪಾಠ ಸಿಗಲಿ ಅಂತ ಹನ್ನೊಂದು ವರ್ಷ ಅಲದಂವ ಸಿಕ್ಕ ಮ್ಯಾಲ ಯಾಕ ಕೆಡಸ್ತಾನ? ನೀ ಮಾಡಿದ ತಪ್ಪು ಬ್ಯಾರೆ. ಕಾಗದಾ ನಂಬಿದಿ, ಮನಷ್ಯಾನ್ನ ನಂಬಲಿಲ್ಲ."

ಆಮೇಲೆ ಅವನು ಮಾಡಿದ್ದನ್ನು ಕಂಡು ನನ್ನ ತೀರ್ಮಾನವನ್ನು ಪೂರ್ತಿ ರದ್ದು ಮಾಡಿದೆ. ನೇರ ದುರ್ಗಾಪ್ರಸಾದರಿಗೆ ಫೋನ್ ಮಾಡಿದ, ನಮಗೂ ಕೇಳುವಂತೆ ಸ್ಪೀಕರ್ ಹಾಕಿದ. ತಾನು ತಪ್ಪಿದ್ದು ಎಲ್ಲಿ, ಪುಸ್ತಕದ ಚುಕ್ಕೆ ಯಾರೋ ಆಮೇಲೆ ಇಟ್ಟದ್ದು ಹೇಗೆ, ಆ ಮೂರು ಸ್ವರ ಏನು, ಅವರ ಹಿರಿಯರು ಉಳಿಸಿಕೊಟ್ಟದ್ದು ಎಂಥದ್ದು ಎಂದು ತನ್ನ ಹರಕು ತೆಲುಗಿನಲ್ಲಿ ಪೂರ್ತಿ ಹೇಳಿದ. ಇವತ್ತೇ ಪತ್ರಿಕೆಗೆ ಬರೆಯುತ್ತೇನೆ ಎಂದ. ಕ್ಷಮಿಸಿ ಎನ್ನುವಾಗ ಅಳು ಬಂದು ಮಾತು ನಿಂತಿತು.

ಆ ಕಡೆಯಿಂದ ಮುದುಕರ ದನಿ ಬಂತು, ಫೋನಿಗಲ್ಲ, ಮನೆಯೊಳಕ್ಕೆ.

"ಅನಸೂಯಾ, ಆ ಚೀಲ ತೆಗಿ."

ಏನೋ ಎಳೆದ ಸದ್ದು, ಯಾರೋ ಅತ್ತ ಸದ್ದು. ಆಮೇಲೆ ಸನ್ನಾಯಿ.

ಫೋನಿನ ಚಿಕ್ಕ ಸ್ಪೀಕರಿನಲ್ಲಿ ಕೇಳಿದರೂ ಅದು ಕೋಣೆ ತುಂಬಿತು. ಹನ್ನೆರಡು ದಿನ ಕಟ್ಟಿಟ್ಟ ಉಸಿರು. ಗೌರವ್ ಕಣ್ಣೊರೆಸಿಕೊಳ್ಳುವುದನ್ನೂ ಮರೆತು ಕೂತಿದ್ದ. ಮೂರನೆಯ ಸಾಲಿಗೆ ಸ್ವರ ಷಡ್ಜದಿಂದ ಎದ್ದು ಮೇಲೆ ಹಾರಿತು. ಮೂರು ಸಲವೂ ಕಮಲಾಳ ಕೈ ಮಡಿಲಿನಿಂದ ತಾನಾಗಿ ಮೇಲೆದ್ದಿತು. ಧಾರವಾಡದ ನನ್ನ ಹೆಂಡತಿ ಸುಲಭಕ್ಕೆ ಕರಗುವವಳಲ್ಲ. ಅವಳ ಕಣ್ಣು ತುಂಬಿದ್ದನ್ನು ನಾನು ಮದುವೆಯಾದ ಮೇಲೆ ನಾಲ್ಕನೇ ಸಲ ನೋಡಿದೆ.

"ಭಾನುವಾರ ನೀವೂ ಬರ್ಬೇಕು ಬಾಬು" ಎಂದರು ದುರ್ಗಾಪ್ರಸಾದ್, ಒಂದು ಸುತ್ತು ಮುಗಿಸಿ ಏದುಸಿರು ಬಿಡುತ್ತ. "ಬುಟ್ಟಿ ಹೇಗೆ ಏಳ್ತೈತೋ ಕಣ್ಣಾರೆ ನೋಡಿ. ಕಲ್ಯಾಣ ಮಂಟಪದ ಅಡ್ರೆಸ್ಸು ಕಮಲಾ ಗಾರಿ ಹತ್ರ ಐತೆ."

ಮತ್ತೆ ಸನ್ನಾಯಿ ಎತ್ತಿದರು. ಕಮಲಾ ನನ್ನ ಕೈಯಿಂದ ಚೀಲ ತೆಗೆದುಕೊಂಡು, ನಗುತ್ತಲೇ, ಲಗ್ನಪತ್ರಿಕೆಯ ಲಕೋಟೆ ಹೊರತೆಗೆದಳು. ಗೌರವ್ ಬರೆದುಕೊಳ್ಳಲು ಪೆನ್ನು ಹಿಡಿದು ಕೈ ಚಾಚಿದ.

ಅವಳು ಕೊಡಲಿಲ್ಲ.

ಲಕೋಟೆಯ ನಾಲ್ಕು ಮೂಲೆಗೂ ಅರಿಶಿನ. ನಡುವೆ ದುಂಡಗಿನ ತೆಲುಗು ಅಕ್ಷರದಲ್ಲಿ ನಮ್ಮಿಬ್ಬರ ಹೆಸರು, ಇನಿಷಿಯಲ್ ಸಮೇತ. ಎರಡು ಇನಿಷಿಯಲ್, ಎರಡು ಚುಕ್ಕೆ. ಕಮಲಾ ಲೆನ್ಸನ್ನು ಅದರ ಮೇಲಿಟ್ಟು ನನ್ನತ್ತ ಸರಿಸಿದಳು. ಲೆನ್ಸಿನ ಅಗತ್ಯವೇ ಇರಲಿಲ್ಲ. ಅವು ಚುಕ್ಕೆಗಳಾಗಿರಲಿಲ್ಲ, ಸಣ್ಣ ಸಣ್ಣ ಸೊನ್ನೆಗಳಾಗಿದ್ದವು.

ಮೂಲೆಯಲ್ಲಿ ಬರೆಯುತ್ತ ತಟಕ್ಕನೆ ನಿಂತ ಮಾನಸಳ ಪೆನ್ನು ನನಗೆ ನೆನಪಾಯಿತು. ನಡೆದುಕೊಂಡೇ ಬರುತ್ತೇನೆ ಎಂಬ ಹಠವೂ ನೆನಪಾಯಿತು. ಯಾರ ಬುಟ್ಟಿಯನ್ನು ಎತ್ತಲು ಆ ಸ್ವರ ಮೇಲೆ ಹಾರಬೇಕಿತ್ತೋ, ಅವಳೇ ಅದನ್ನು ಕೆಳಗಿಳಿಸಿದ್ದಳು. ಅವಳಿಗೆ ಬೇಡವಾಗಿದ್ದದ್ದು ಬುಟ್ಟಿಯೋ, ಮದುವೆಯೋ?

ಸನ್ನಾಯಿ ನಿಂತಿತು. "ಅಮ್ಮಾ ಕಮಲಾ" ಎಂದರು ದುರ್ಗಾಪ್ರಸಾದ್. ದನಿಯಲ್ಲಿ ಹಬ್ಬವಿತ್ತು. "ಒಂದು ಕೇಳೋದು ಮರ್ತೆ. ಅಷ್ಟು ವರ್ಷದ ತಾತನ ಪುಸ್ತಕ, ಅದಕ್ಕೆ ಚುಕ್ಕೆ ಇಟ್ಟೋರು ಯಾರಮ್ಮಾ? ನಮ್ಮ ಮನೇ ಮೇಲೆ ಅಷ್ಟು ದ್ವೇಷ ಯಾರಿಗೆ?"

ಕಮಲಾ ಲಕೋಟೆಯನ್ನು ಮಗುಚಿಟ್ಟಳು.

"ಅದು ಆಮ್ಯಾಲ ಹೇಳ್ತೀನ್ರಿ ಗುರುಗಳ" ಎಂದಳು, ಮೆಲ್ಲಗೆ. "ಫೋನ್ ಒಂಚೂರು ಮಾನಸಾಗ ಕೊಡ್ರಿ."

"ಕೊಡ್ತೀನಿ ಇರು. ಇಲ್ಲೇ ಕೂತಿದ್ಳು. ನಾನು ಊದೋಕೆ ಶುರು ಮಾಡಿದಾಗ ಎದ್ದು ಹೋದ್ಳು. ಮಾನಸಾ, ಅಮ್ಮಾ ಮಾನಸಾ." ಅವರು ಕೂಗುತ್ತ ಒಳಗೆ ಹೋದದ್ದು ಕೇಳಿಸಿತು. ಒಂದು ಕೋಣೆ, ಇನ್ನೊಂದು ಕೋಣೆ.

ಆಮೇಲೆ ಫೋನಿನ ಹತ್ತಿರ ಬಂದದ್ದು ಅನಸೂಯಾರ ದನಿ.

"ಕಮಲಾ, ಹುಡುಗಿ ಮನೇಲಿಲ್ಲ ಕಣಮ್ಮಾ. ಬಾಗಿಲಲ್ಲಿ ಅವಳ ಚಪ್ಪಲಿನೂ ಇಲ್ಲ."